ವೆಬ್‌ಸೈಟಿಗೆ ಚೀಟಿ ಹಚ್ಚಿದ ಕಾಕಾ

ಜಗತ್ತಿನ ವೆಬ್‌ಸೈಟುಗಳಿಗೆಲ್ಲ ಒಂದೊಂದಾಗಿ ಚೀಟಿ ಹಚ್ಚಿ ಮುಗಿಸುತ್ತೇನೆಂದು ಹೊರಟ ಪುಣ್ಯಾತ್ಮರೊಬ್ಬರಿದ್ದರು, ಗೊತ್ತೇ ನಿಮಗೆ? ಅಮೆರಿಕದವರಲ್ಲ, ದಿಲ್ಲಿಯವರೂ ಅಲ್ಲ. ಬೈಲಹೊಂಗಲದವರು. ನನ್ನ ಸ್ವಂತ ಕಾಕಾ! ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಕಂಪ್ಯೂಟರಿನ ಮೌಸನ್ನು ಅವರು ಜೀವಮಾನದಲ್ಲಿ ಮುಟ್ಟಿದ್ದು ಒಂದೇ ಸಲ, ಅದೂ ಬಾಲ ಹಿಡಿದು ಎತ್ತಿ ನೋಡಲು. ಇಷ್ಟೆಲ್ಲ ಅರ್ಹತೆ ಇದ್ದವರು ಇನ್ನು ಯಾವುದಕ್ಕೆ ಕಾಯಬೇಕು?

ಈಚೆಗೆ ಪೇಪರಿನಲ್ಲಿ ಬಲ್ಲವರೊಬ್ಬರು ಬರೆದಿದ್ದರು. ಇಂಟರ್ನೆಟ್ಟಿನಲ್ಲಿ ಸುಳ್ಳು ಹೆಚ್ಚಾಗಿದೆಯಂತೆ. ಆದ್ದರಿಂದ ಪ್ರತಿಯೊಂದು ವೆಬ್‌ಸೈಟಿನ ಹಣೆಯ ಮೇಲೂ ‘ಇದನ್ನು ಇಷ್ಟು ನಂಬಬಹುದು’ ಎಂಬ ಗುರುತು ಇರಬೇಕಂತೆ. ಓದಿ ನಗು ಬಂತು. ನಕ್ಕೆ. ನಗು ಅರ್ಧಕ್ಕೇ ನಿಂತಿತು. ಸಂಪಾದಕರಿಗೊಂದು ಪತ್ರ ಬರೆಯೋಣವೆಂದು ಕೂತೆ. ಬರೆದದ್ದು ಅಚ್ಚಾಗದಿದ್ದರೆ ಎಂಬ ಚಿಂತೆ ಹತ್ತಿತು. ಅಚ್ಚಾಗಿಬಿಟ್ಟರೆ ಎಂಬ ಚಿಂತೆ ಅದಕ್ಕಿಂತ ಜೋರಾಗಿ ಹತ್ತಿತು. ನಾನು ಅಂಥವನೇ. ಸವದತ್ತಿ ಬಸ್ಸು ಇಳಿಜಾರಿಗೆ ಬಂದರೆ ಬ್ರೇಕಿನ ಚಿಂತೆ, ಏರು ಹತ್ತಿದರೆ ಇಂಜಿನ್ನಿನ ಚಿಂತೆ, ಸಪಾಟು ರಸ್ತೆಯಲ್ಲಿ ಓಡಿದರೆ ಡ್ರೈವರನಿಗೆ ನಿದ್ದೆ ಬಂದೀತೆಂಬ ಚಿಂತೆ. ಹಾಗಾಗಿ ಪತ್ರ ಬಿಟ್ಟು ಇದನ್ನು ಬರೆಯುತ್ತಿದ್ದೇನೆ. ಇದು ಉದ್ದವಾದೀತೆಂಬ ಚಿಂತೆಯೂ ಇದೆ.

ಕಾಕಾನ ಕಸುಬು ಹತ್ತಿ ನೋಡುವುದು. ನೋಡುವುದೂ ಒಂದು ಕಸುಬೇ ಎನ್ನಬೇಡಿ! ಮುನವಳ್ಳಿ, ಸಿರಸಂಗಿ, ರಾಮದುರ್ಗದ ಕಡೆಯಿಂದ ನಮ್ಮೂರ ಪೇಟೆಗೆ ಹತ್ತಿಯ ಅಂಡಗಿಗಳು ಬಂದು ಬೀಳುತ್ತಿದ್ದವು; ಒಂದೊಂದು ಮೂಟೆಯೂ ಆಳೆತ್ತರ. ದಲಾಲಿ ಅಂಗಡಿಯ ಪರವಾಗಿ ಕಾಕಾ ಒಂದೊಂದರೊಳಗೂ ಮೊಳಕೈತನಕ ಕೈ ಹಾಕಿ, ಹೊಟ್ಟೆಯಿಂದ ಒಂದು ಹಿಡಿ ಹತ್ತಿ ಹೊರಗೆಳೆಯುವರು. ತಲೆಯ ಮೇಲಿನ ಕರಿ ಟೊಪ್ಪಿಗೆ ತೆಗೆದು, ಅದರ ಮೇಲೆ ಎಳೆ ಹಾಸಿ ಉದ್ದ ನೋಡುವರು. ಮೂಸುವರು. ಕೆನ್ನೆಗೆ ಒತ್ತಿಕೊಳ್ಳುವರು. ಆಮೇಲೆ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಚೀಟಿ ಬರೆದು, ಜಾಲಿ ಮುಳ್ಳಿನಿಂದ ಅಂಡಗಿಗೆ ಚುಚ್ಚುವರು. ದರ್ಜೆ ಮೂರೇ: ಒಂದು, ಎರಡು, ಮೂರು. ದೋಷವೂ ಮೂರೇ. ತೂಕ ಬರಲೆಂದು ನೀರು ಚಿಮುಕಿಸಿದ್ದರೆ ‘ತೇವ’. ಎಲೆ, ತೊಟ್ಟು, ಮಣ್ಣು ಸೇರಿದ್ದರೆ ‘ಕಸ’. ಒಳ್ಳೆಯದರ ಹೊಟ್ಟೆಯಲ್ಲಿ ಕೆಟ್ಟದ್ದನ್ನು ಅಡಗಿಸಿದ್ದರೆ ‘ಬೆರಕಿ’. ಭೂಮಿಯ ಮೇಲೆ ನಾಲ್ಕನೆಯ ದೋಷವೆಂಬುದು ಇಲ್ಲವೇ ಇಲ್ಲ ಎಂಬುದು ಅವರ ಸಿದ್ಧಾಂತ.

ಪೇಟೆ ಮುಗಿದ ಮೇಲೂ ಅವರ ಕೈ ನಿಲ್ಲುತ್ತಿರಲಿಲ್ಲ ಎಂಬುದೇ ನಮ್ಮ ಮನೆತನಕ್ಕೆ ಒದಗಿದ ಸಂಕಟ. ಮಂತ್ರಿಗಳ ಭಾಷಣ ಕೇಳಿ ಎದ್ದು ಬರುವಾಗ ಒಂದೇ ಮಾತು, ‘ತೇವ.’ ಬೀಗರ ಮನೆಯ ಹೋಳಿಗೆ ಬಾಯಿಗೆ ಬಿದ್ದೊಡನೆ, ಬಡಿಸುವವರಿಗೂ ಕೇಳಿಸುವಂತೆ, ‘ಬೆರಕಿ.’ ಒಮ್ಮೆ ಓಣಿಯಲ್ಲಿ ಒಬ್ಬರು ತೀರಿಕೊಂಡರು. ಅವರ ತಮ್ಮ ಹೆಣದ ಮೇಲೆ ಬಿದ್ದು ಹೊರಳಾಡಿ ಅಳುತ್ತಿದ್ದ. ನೆರೆದವರೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದರೆ ಕಾಕಾ ನನ್ನ ಕಿವಿಯಲ್ಲಿ, “ಎರಡನೇ ದರ್ಜೆ. ಮ್ಯಾಲೆ ನೀರ ಹೊಡದಾನ, ಒಳಗ ಒಣಾ ಐತಿ,” ಎಂದರು. ಸಾವಿನ ಮನೆಯಲ್ಲಿ ನನಗೆ ನಗು ಉಕ್ಕಿತು. ಅದನ್ನು ತಡೆಯಲು ಟವೆಲ್ಲು ಬಾಯಿಗೆ ತುರುಕಿಕೊಂಡೆ. ನಾನು ಹೈಸ್ಕೂಲು ಮಾಸ್ತರ; ‘ಮಾಸ್ತರಗ ಭಾಳ ದುಃಖ ಆಗೈತಿ’ ಎಂದು ಜನ ನೀರು ಕೊಟ್ಟರು.

ನನ್ನ ಮದುವೆಯ ಮಾತುಕತೆಗೆ ರಾಮದುರ್ಗದಿಂದ ಹೆಣ್ಣಿನ ಕಡೆಯವರು ಬಂದಾಗಲೂ ಹೀಗೇ ಆಯಿತು. ಮುಂದೆ ನನಗೆ ಮಾವನವರಾದವರು ಸುಮ್ಮನೆ ಮಾತಿಗೆಂದು, “ಹುಡುಗ ಹೆಂಗ್ರಿ ಸಾವ್ಕಾರ್ರ?” ಎಂದರು. ಯಾರಾದರೂ ಆಗಿದ್ದರೆ ಬಂಗಾರದಂಥ ಹುಡುಗ ಅನ್ನುತ್ತಿದ್ದರು. ಕಾಕಾ ನನ್ನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿದರು. ಟೊಪ್ಪಿಗೆ ತೆಗೆಯಲಿಲ್ಲ, ಅದೊಂದು ಪುಣ್ಯ.

“ಎಳಿ ಉದ್ದ ಐತ್ರಿ. ಕಸ ಇಲ್ಲ, ಬೆರಕಿ ಇಲ್ಲ. ಆದ್ರ ತೇವ ಐತಿ. ಸಣ್ಣದಕ್ಕೂ ಚಿಂತಿ ಮಾಡತಾನ. ಎರಡನೇ ದರ್ಜೆ ಅಂತ ಹಿಡೀರಿ.”

ಒಳಗೆ ನನ್ನ ತಾಯಿಯ ಕೈಯಿಂದ ಚಹಾದ ತಾಟು ಬಿದ್ದ ಸದ್ದು ಕೇಳಿಸಿತು. ಮಾವನವರೂ ಹತ್ತಿ ಬೆಳೆಯುವವರೇ. ಸ್ವಲ್ಪ ಹೊತ್ತು ಯೋಚಿಸಿ, “ತೇವ ಇದ್ರ ಅಡ್ಡಿಯಿಲ್ಲ ಬಿಡ್ರಿ, ಬಿಸಲಿಗೆ ಹಾಕಿದ್ರ ಹೋಗತೈತಿ. ಬೆರಕಿ ಇದ್ರ ಹೋಗಾಂಗಿಲ್ಲ,” ಎಂದು ಎಲೆ ಅಡಿಕೆ ಹಿಡಿದೇಬಿಟ್ಟರು! ಅಂದಿನಿಂದ ನನ್ನ ಹೆಂಡತಿ ನನ್ನನ್ನು ಬಿಸಿಲಿಗೆ ಹಾಕುತ್ತಲೇ ಇದ್ದಾಳೆ. ಇನ್ನೂ ಒಣಗಿಲ್ಲ.

ಕಾಕಾನಿಗೆ ಮಕ್ಕಳಿರಲಿಲ್ಲ. ನಮ್ಮದು ಒಂದೇ ಮನೆ, ಒಂದೇ ಒಲೆ. ಆ ಒಲೆಯ ಮುಂದೆ ಕಾಕಾನ ಹೆಂಡತಿ, ನಮ್ಮ ಕಾಕು, ಕೂತಿರುತ್ತಿದ್ದಳು. ಓಣಿಯಲ್ಲಿ ಅವಳ ರೊಟ್ಟಿಗೆ ಎರಡಿಲ್ಲ. ಕಾಗದದಂಥ ರೊಟ್ಟಿ, ದುಂಡಗೆ, ಅಂಚಿನಲ್ಲಿ ಒಂದು ಬಿರುಕಿಲ್ಲ. ಕಾಕಾ ಇಡೀ ಜಗತ್ತಿನಲ್ಲಿ ದರ್ಜೆ ಹೇಳದೆ ಸುಮ್ಮನೆ ತಿನ್ನುತ್ತಿದ್ದ ಪದಾರ್ಥ ಅದೊಂದೇ. “ಏನಾದ್ರೂ ಅನ್ರಲ್ಲ,” ಎಂದು ಕಾಕು ಕೆಣಕಿದರೆ, “ತಿನ್ನಾಕಹತ್ತೇನಿ, ಕಾಣಂಗಿಲ್ಲೇನು?” ಎನ್ನುವರು. ಅಷ್ಟೇ ಅವರ ಸಂಸಾರದ ಸರಸ.

ಎರಡು ಸಾವಿರದ ಮೂರೋ ನಾಲ್ಕೋ ಇಸವಿ ಇರಬೇಕು, ಒಂದು ದಿನ ರೊಟ್ಟಿ ಹರಿಯಿತು. ಮರುದಿನವೂ ಹರಿಯಿತು. ಕಾಕು ಹಿಟ್ಟನ್ನು ಬೈದಳು. ಗಿರಣಿಯವನನ್ನು ಬೈದಳು. ವಾರ ಕಳೆಯುವಷ್ಟರಲ್ಲಿ ರೊಟ್ಟಿ ಅಂಗೈಯಿಂದ ಜಾರಿ ಬೂದಿಯಲ್ಲಿ ಬಿತ್ತು. ಕಾಕಾ ಎದ್ದು ಬಂದು ಹಿಟ್ಟು ನಾದುವ ಕೊಣಮಿಗೆಯಿಂದ ಚಿಟಿಕೆ ಹಿಟ್ಟು ತೆಗೆದು ಬೆರಳಲ್ಲಿ ಉಜ್ಜಿ ನೋಡಿದರು.

“ಹಿಟ್ಟು ಒಂದನೇ ದರ್ಜೆ ಐತಿ,” ಎಂದರು. “ಕೈ ತೋರಸು.”

ಕಾಕು ನಗುತ್ತಲೇ ಕೈ ಚಾಚಿದಳು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಮಾಂಸವಿರುವ ಜಾಗದಲ್ಲಿ ಗುಳಿ ಬಿದ್ದಿತ್ತು. ಕಾಕಾ ಆ ಗುಳಿಯನ್ನು ಮೂವತ್ತು ವರ್ಷ ಹತ್ತಿ ನೋಡಿದ ಬೆರಳಿನಿಂದ ಒತ್ತಿ ನೋಡಿದರು. ದರ್ಜೆ ಹೇಳಲಿಲ್ಲ, ದೋಷ ಹೇಳಲಿಲ್ಲ. ಅಂದೇ ನಾನು ಹೋಗಿ ಹುಬ್ಬಳ್ಳಿ ಬಸ್ಸಿನ ವೇಳೆ ಕೇಳಿ ಬಂದೆ.

ಹುಬ್ಬಳ್ಳಿಯ ಡಾಕ್ಟರರು ಒಂದು ಉದ್ದನೆಯ ಇಂಗ್ಲಿಷ್ ಹೆಸರು ಹೇಳಿದರು. ನರದ ಬೇನೆ ಎಂದರು. ಗುಣವಾಗುತ್ತದೆಯೇ ಎಂದು ಕೇಳಿದರೆ ಮೇಲೆ ತಿರುಗುವ ಫ್ಯಾನು ನೋಡಿದರು; ಎಷ್ಟು ದಿನ ಹಿಡಿದೀತು ಎಂದರೆ ಮತ್ತೆ ಫ್ಯಾನು ನೋಡಿದರು. “ಆರು ತಿಂಗಳ ಬಿಟ್ಟು ಬರ್ರಿ.” ವಾಪಸು ಬರುವಾಗ ಕಿತ್ತೂರಿನ ಹತ್ತಿರ ಬಸ್ಸು ನಿಂತಾಗ ಕಾಕು ಕಿಟಕಿಯಿಂದ ಸೀತಾಫಲ ಕೊಳ್ಳಿಸಿ, “ಹಂಗಾರ ಇದಕ್ಕ ಔಷಧ ಐತೋ ಇಲ್ಲೋ? ಅಷ್ಟ ಹೇಳ್ರಿ ಯಾರರ,” ಎಂದಳು. ನಾನು ಕಿಟಕಿಯ ಹೊರಗೆ ನೋಡಿದೆ. ನನಗೆ ಫ್ಯಾನು ಇರಲಿಲ್ಲ.

ಅಷ್ಟನ್ನು ತಿಳಿದುಕೊಳ್ಳಲೆಂದೇ ನಾವು ಮೆಹಬೂಬಸಾಬನ ಸೈಬರ್ ಕೆಫೆಗೆ ಹೋದದ್ದು. ಮೆಹಬೂಬಸಾಬ ನನ್ನ ಓರಗೆಯವನು. ಬಸ್‌ಸ್ಟ್ಯಾಂಡಿನ ಎದುರು ಎಸ್‌ಟಿಡಿ ಬೂತು ಇಟ್ಟಿದ್ದ. ಎಲ್ಲರ ಕೈಗೂ ಮೊಬೈಲು ಬರತೊಡಗಿದಾಗ ಬೂತಿನ ಗಾಜು ಕಿತ್ತು ಮೂರು ಕಂಪ್ಯೂಟರು ಕೂರಿಸಿದ. “ಇಂಟರ್ನೆಟ್‌ನ್ಯಾಗ ಇಲ್ಲದ್ದ ಇಲ್ರೀ ಮಾಸ್ತರ,” ಎಂದು ಭರವಸೆ ಕೊಟ್ಟ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವನಾದ್ದರಿಂದ ಓದಿ ಹೇಳುವ ಕೆಲಸ ನನ್ನದು. ಒಪ್ಪುವ, ಬಿಡುವ ಕೆಲಸ ಕಾಕಾನದು.

ಡಾಕ್ಟರರು ಬರೆದುಕೊಟ್ಟ ಬೇನೆಯ ಹೆಸರಿನ ಚೀಟಿ ಹಿಡಿದು ನಾನು ಟೈಪು ಮಾಡಲು ಹೊರಟರೆ ಕಾಕಾ ತಡೆದರು. “ತಡೀಲೇ. ಹೊಸಾ ರೈತ ಬಂದ್ರ ಮೊದಲ ನಮಗ ಗೊತ್ತಿದ್ದದ್ದು ಕೇಳತೇವಿ. ಗೊತ್ತಿದ್ದದ್ರಾಗ ಸುಳ್ಳ ಹೇಳಿದ್ರ, ಗೊತ್ತಿಲ್ಲದ್ರಾಗ ಇನ್ನೆಷ್ಟು ಹೇಳಬಾರದು? ನಮ್ಮೂರ ಕೇಳು.”

ಕೇಳಿದೆ. ಪ್ರವಾಸಿಗರಿಗಾಗಿ ಮಾಡಿದ ಒಂದು ವೆಬ್‌ಸೈಟು ನಿಧಾನಕ್ಕೆ ತೆರೆಯಿತು. ಆಗಿನ ಕಾಲದ ಫೋಟೋಗಳು ನಿಮಗೆ ನೆನಪಿರಬೇಕು, ಮೇಲಿನಿಂದ ಕೆಳಗೆ ಎಳೆ ಎಳೆಯಾಗಿ ಇಳಿಯುತ್ತಿದ್ದವು. ಒಂದು ಚಹಾ ಮುಗಿಯಿತು, ಬರೀ ಆಕಾಶ ಬಂದಿತ್ತು. ಎರಡನೇ ಚಹಾಕ್ಕೆ ತೆಂಗಿನ ಗರಿ ಕಂಡವು. ಅದರ ಕೆಳಗೆ ಅಲೆ! ‘ಬೈಲಹೊಂಗಲವು ರಮಣೀಯವಾದ ಕಡಲತೀರ, ಇಲ್ಲಿನ ಜನರ ಮುಖ್ಯ ಉದ್ಯೋಗ ಮೀನುಗಾರಿಕೆ’ ಎಂದು ನಾನು ಕನ್ನಡಕ್ಕೆ ತಿರುಗಿಸಿ ಓದಿದೆ.

ಕಾಕಾ ಬಹಳ ಹೊತ್ತು ಅಲೆಗಳನ್ನೇ ನೋಡಿದರು. “ಲೇ ಮಾಸ್ತರ, ನಮ್ಮೂರಾಗ ಸಮುದ್ರ ಐತೇನು?”

“ಇಲ್ಲ ಕಾಕಾ.”

“ಮತ್ತ ಎಲ್ಲೋ ನಾನ ನೋಡಿಲ್ಲೇನು ಅಂತ ಗಾಬರಿ ಆತು. ಬ್ಯಾಸಗ್ಯಾಗ ಟ್ಯಾಂಕರ್ ಮುಂದ ಕೊಡಾ ಹಿಡಕೊಂಡ ನಿಂದರತೇವಲ್ಲ, ನಮಗ ಬುದ್ಧಿ ಇಲ್ಲ ಅಂತೀ!”

ಕಿವಿಯ ಪೆನ್ಸಿಲ್ ಕೈಗೆ ಬಂತು. ‘ಮೂರು. ಪೂರಾ ತೇವ.’ ಚೀಟಿ ಸಿದ್ಧವಾಯಿತು. ಆಮೇಲೆ ಅಂಗಿಯ ಜೇಬಿನಿಂದ ಜಾಲಿ ಮುಳ್ಳು ತೆಗೆದು ಕಂಪ್ಯೂಟರಿನ ಗಾಜಿನತ್ತ ಬಾಗಿದರು. ಮೆಹಬೂಬಸಾಬ ದುಡ್ಡಿನ ಗಲ್ಲೆಯ ಮೇಜು ಹಾರಿ ಓಡಿ ಬಂದು ಅವರ ಕೈ ಹಿಡಿದುಕೊಂಡ.

“ಯಾ ಅಲ್ಲಾ! ಕಾಕಾರ, ಅದಕ್ಕ ಚುಚ್ಚಬ್ಯಾಡ್ರೀ! ಪ್ರಿಂಟ್ ಹೊಡದ ಕೊಡತೇನಿ, ಅದಕ್ಕ ಎಷ್ಟ ಬೇಕಾದಷ್ಟ ಚುಚ್ಚರಿ!”

ಹೀಗೆ ಶುರುವಾಯಿತು ನೋಡಿ. ದಿನಾ ಸಂಜೆ ನಾಲ್ಕಾರು ಹಾಳೆ ಪ್ರಿಂಟು, ಅವಕ್ಕೆ ಚೀಟಿ, ಚೀಟಿಗೆ ಮುಳ್ಳು. ಕಣ್ಣು ಕುಕ್ಕುವಂತೆ ಮಿಣುಕುವ ಜಾಹೀರಾತು ಇದ್ದರೆ ‘ಕಸ’. ‘ಪವಾಡ’, ‘ಗ್ಯಾರಂಟಿ’, ‘ಇಂದೇ’ ಎಂಬ ಮಾತು ಬಂದರೆ ‘ತೇವ’. ಮೊದಲರ್ಧ ವೈದ್ಯಶಾಸ್ತ್ರ ಹೇಳಿ ಕೊನೆಗೆ ಬಾಟಲಿ ಮಾರಿದರೆ ‘ಬೆರಕಿ’. ಒಂದು ವೆಬ್‌ಸೈಟಿನವರಿಗಂತೂ ನನ್ನ ಕೈಯಿಂದ ಇಮೇಲ್ ಬರೆಸಿದರು: ‘ಮಾನ್ಯರೇ, ತಮ್ಮ ಹಾಳೆಯಲ್ಲಿ ತೇವ ಕಂಡುಬಂದಿರುತ್ತದೆ. ಬಿಸಿಲಿಗೆ ಹಾಕಿ ಮರಳಿ ಕಳಿಸತಕ್ಕದ್ದು.’ ನಿಮಿಷದೊಳಗೆ ಉತ್ತರ ಬಂತು. ‘ಅಭಿನಂದನೆಗಳು! ತಾವು ಆಯ್ಕೆಯಾಗಿದ್ದೀರಿ!’ ಕಾಕಾ ದಂಗಾಗಿ ಹೋದರು. ಪೇಟೆಯಲ್ಲಿ ತೇವ ಎಂದವರನ್ನು ರೈತರು ಬೈದದ್ದುಂಟು, ಒಬ್ಬಾತ ಬಾರುಕೋಲು ಎತ್ತಿದ್ದೂ ಉಂಟು. ಅಭಿನಂದಿಸಿದ್ದು ಇದೇ ಮೊದಲು.

ಮೆಹಬೂಬಸಾಬನಿಗೆ ಈ ವ್ಯವಹಾರ ಮೊದಲು ತಮಾಷೆಯಾಗಿ ಕಂಡಿತ್ತು. ಒಂದು ದಿನ ಗಂಭೀರವಾಗಿಯೇ ಕೇಳಿದ.

“ಕಾಕಾರ, ಒಂದ ಮಾತ ಕೇಳತೇನಿ, ಸಿಟ್ಟಾಗಬ್ಯಾಡ್ರಿ. ವೆಬ್‌ಸೈಟಿಗೆ ನೀವು ಚೀಟಿ ಹಚ್ಚತೀರಿ. ನಿಮಗ ಚೀಟಿ ಹಚ್ಚಾಂವ ಯಾರು?”

“ಅಂಡಗಿ ಬಿಚ್ಚಾಂವ,” ಎಂದರು ಕಾಕಾ, ಕೇಳಿ ಮುಗಿಸುವ ಮೊದಲೇ. “ನಾ ಒಂದನೇ ದರ್ಜೆ ಅಂತ ಬರದದ್ದು ಹತ್ತಿ ಗಿರಣ್ಯಾಗ ಬಿಚ್ಚಿದಾಗ ಕೆಟ್ಟದ್ದು ಬಂತಪಾ ಅಂದ್ರ, ಮರುದಿನ ಗಿರಣಿಯಾಂವ ಬಂದು ಪೇಟ್ಯಾಗ ನನ್ನ ಮಾರಿಗೆ ಉಗುಳತಾನ. ಆ ಉಗುಳಿನ ಅಂಜಿಕಿ ಐತಲ್ಲ, ಅದ ನನ್ನ ಚೀಟಿ.”

“ಹಂಗಾರ ಇಂಟರ್ನೆಟ್‌ಗೂ ಹಂಗ ಆಗತೈತಿ ಬಿಡ್ರಿ. ಸುಳ್ಳ ಹೇಳಿದಾಂವಗ ಮಂದಿ ಉಗುಳತಾರ.”

“ಹೆಂಗ ಉಗುಳತಾರೋ ಹುಚ್ಚಾ?” ಕಾಕಾ ಹಾಳೆಗಳ ಕಟ್ಟು ಎತ್ತಿ ತೋರಿಸಿದರು. “ಈ ಔಷಧ ನಂಬಿ ಕುಡದಾಂವ ದೂರು ಹೇಳಾಕ ವಾಪಸ್ ಬರಬೇಕಲ್ಲ!”

ಮೆಹಬೂಬಸಾಬ ಮುಂದಿನ ಹಾಳೆ ಪ್ರಿಂಟಿಗೆ ಹಾಕಿದ.

ಮನೆಯಲ್ಲಿ ಕಾಕು ಕಟ್ಟೆಯ ಮೇಲೆ ಕೂತು ದಾರಿ ಕಾಯುವಳು. ನಾವು ಬಂದೊಡನೆ, “ಇವತ್ತೇನಂತ್ರಿ?” ಎನ್ನುವಳು. ಇಂಗ್ಲಿಷ್ ಹಾಳೆ ಅವಳಿಗೆ ಬೇಕಿರಲಿಲ್ಲ. ಚೀಟಿ ಓದುವಳು. ‘ಮೂರು’ ಎಂದು ಓದಿ, “ಹೋಗ್ಲಿ, ನಾಳೆ ನೋಡೂಣು,” ಎನ್ನುವಳು. ತಿಂಗಳೆರಡು ತಿಂಗಳಲ್ಲಿ ಹಾಳೆ ಹಿಡಿಯಲು ಅವಳಿಗೆ ಎರಡೂ ಕೈ ಬೇಕಾದವು.

ಆಗ ಸಿಕ್ಕಿದ್ದು ಎಣ್ಣೆಯ ವೆಬ್‌ಸೈಟು. ಹಿಮಾಲಯದ ಬೇರುಗಳಿಂದ ತೆಗೆದ ಎಣ್ಣೆಯಂತೆ. ಕೈ ಎತ್ತಲಾಗದ ಗೃಹಸ್ಥನ ಫೋಟೋ ಒಂದು, ಎಣ್ಣೆ ಹಚ್ಚಿ ಮೂರು ತಿಂಗಳಿಗೆ ಅದೇ ಗೃಹಸ್ಥ ನೀರು ತುಂಬಿದ ಕೊಡ ಎತ್ತಿದ ಫೋಟೋ ಇನ್ನೊಂದು. ನಿಜ ಹೇಳುತ್ತೇನೆ, ನಾನು ನಂಬಿದೆ! ಎಂ.ಎ. ಓದಿದವನು, ಮಕ್ಕಳಿಗೆ ದಿನಾ ‘ಹೊಳೆಯುವುದೆಲ್ಲ ಚಿನ್ನವಲ್ಲ’ ಎಂದು ಬರೆಸುವವನು. ಕಾಕಾ ಬರುವ ಮೊದಲೇ ನಮ್ಮ ವಿಳಾಸ ತುಂಬಿ ಕೂತಿದ್ದೆ. ಮನೆಯಲ್ಲಿ ಕಾಕುವಿಗೂ ಹೇಳಿಬಿಟ್ಟಿದ್ದೆ.

ಕಾಕಾ ಬಂದರು. ಫೋಟೋಗಳನ್ನು ನೋಡಿದರು, ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಮತ್ತೆ ನೋಡಿದರು.

“ಹಿಂದ ಗ್ವಾಡಿ ಮ್ಯಾಲೆ ಏನೈತದು?”

“ಕ್ಯಾಲೆಂಡರ್ ಕಾಕಾ.”

“ಎರಡೂ ಫೋಟೋದಾಗ ಒಂದ ತಿಂಗಳ ಹಾಳಿ ಐತಲ್ಲ. ಮೂರ ತಿಂಗಳ ಯಾರೂ ಹರದಿಲ್ಲೇನು? ಕೊಡಾ ಎತ್ತಾಂವಗ ಕ್ಯಾಲೆಂಡರ್ ಹರಿಯಾಕ ಬರಲಿಲ್ಲೇನು?”

‘ಮೂರು. ತೇವ, ಕಸ, ಬೆರಕಿ.’ ಒಂದೇ ಚೀಟಿಯಲ್ಲಿ ಮೂರೂ ದೋಷ ಬಿದ್ದದ್ದು ಅವರ ಜೀವಮಾನದಲ್ಲಿ ಅದೇ ಮೊದಲೆಂದು ಮೆಹಬೂಬಸಾಬ ಅದರ ಝೆರಾಕ್ಸ್ ಮಾಡಿಸಿ ಇಟ್ಟುಕೊಂಡ.

ಮನೆಯಲ್ಲಿ ಮಾತ್ರ ಆ ದಿನ ಯಾರೂ ನಗಲಿಲ್ಲ. ಕಾಕು ಚೀಟಿಯನ್ನು ಎರಡೆರಡು ಸಲ ಓದಿದಳು. ಅವಳ ಲೋಟವನ್ನು ನನ್ನ ಹೆಂಡತಿ ಹಿಡಿದಿದ್ದಳು. ಚಹಾ ಆರುತ್ತಿತ್ತು.

“ಹತ್ತಿಗೆ ಹಿಂಗ ಬಿಗಿ ಹಿಡದ್ರ ನಡೀತೈತ್ರಿ,” ಎಂದಳು ಕೊನೆಗೆ. “ನಾ ಹತ್ತಿ ಅಲ್ಲ. ಇಷ್ಟ ಹಾಳಿ ತಂದ್ರಿ, ಒಂದಕ್ಕರ ಒಂದನೇ ದರ್ಜೆ ಅನ್ರೆಲ್ಲ. ಬಾಯಿಗೇನ ನೋವೇನು?”

ಕಾಕಾ ಕಂಬಕ್ಕೆ ಒರಗಿ ನಿಂತಿದ್ದರು. “ಸಿಕ್ಕರ ಅಂತೇನಿ,” ಎಂದರು.

“ಸಿಗದಿದ್ರ?”

“ಸಿಗೂತನ ಹುಡುಕತೇನಿ.”

ಸಿಕ್ಕಿತು. ಸಿಗಬಾರದಿತ್ತು.

ಅದು ಬಿಳಿ ಹಾಳೆ. ಮಿಣುಕುವುದಿಲ್ಲ, ಮಾರುವುದಿಲ್ಲ, ಫೋಟೋ ಒಂದೂ ಇಲ್ಲ. ಯಾವುದೋ ದೂರದೇಶದ ಆಸ್ಪತ್ರೆಯವರು ಬರೆದದ್ದು. ಬರೆದವರು ಯಾರು, ಯಾವಾಗ ತಿದ್ದಿದರು, ಯಾರು ಒಪ್ಪುವುದಿಲ್ಲ, ಎಲ್ಲ ಕೆಳಗೆ ನಮೂದಿಸಿತ್ತು. ಇಂಗ್ಲಿಷ್ ಬಾರದಿದ್ದರೂ ಕಾಕಾನ ಮುಖ ಅರಳತೊಡಗಿತು. ಒಂದು ಸಾಲಿನ ಮೇಲೆ ಬೆರಳಿಟ್ಟು, “ಈ ಮೂರ ಶಬ್ದ ಮ್ಯಾಲಿಂದ ಮ್ಯಾಲೆ ಬರಾಕಹತ್ತಾವಲ್ಲ, ಏನಂದಂಗವು?” ಎಂದರು.

“‘ನಮಗೆ ಗೊತ್ತಿಲ್ಲ’ ಅಂತ ಕಾಕಾ. ರೋಗ ಯಾಕೆ ಬರುತ್ತದೋ ನಮಗೆ ಗೊತ್ತಿಲ್ಲ, ಕೆಲವರಿಗೆ ಯಾಕೆ ನಿಧಾನವೋ ನಮಗೆ ಗೊತ್ತಿಲ್ಲ.”

“ಗೊತ್ತಿಲ್ಲ ಅಂತ ಹೇಳೂ ವೆಬ್‌ಸೈಟ್!” ಕಾಕಾ ತೊಡೆ ತಟ್ಟಿಕೊಂಡರು. “ಮೆಹಬೂಬಾ, ಬಾ ಇಲ್ಲಿ, ನೋಡ ಬಾ! ಇದು ನೋಡೋ ಒಂದನೇ ದರ್ಜೆ! ಎಳಿ ನೋಡ ಎಳಿ! ಮಾಸ್ತರ, ಓದ್ಲೇ ಓದು, ಪೂರಾ ಓದು. ಔಷಧ ಏನಂತ ಬರದಾರ?”

ನಾನು ಅಷ್ಟರಲ್ಲಿ ಕೆಳಗಿನದನ್ನೆಲ್ಲ ಮನಸ್ಸಿನಲ್ಲೇ ಓದಿ ಮುಗಿಸಿದ್ದೆ. ಜೀವಮಾನವಿಡೀ ಇಲ್ಲದ ಅನಾಹುತಗಳಿಗೆ ಚಿಂತೆ ಮಾಡಿದವನಿಗೆ ಇರುವ ಅನಾಹುತ ಎದುರಿಗೆ ಬಂದರೆ ಏನು ಮಾಡಬೇಕೆಂಬ ಅಭ್ಯಾಸವೇ ಇರುವುದಿಲ್ಲ ನೋಡಿ! ಬಾಯಿಗೆ ಬಂದದ್ದು ಓದತೊಡಗಿದೆ. ವ್ಯಾಯಾಮ ಮಾಡಬೇಕಂತೆ. ಬಿಸಿನೀರಲ್ಲಿ ಕೈ ಅದ್ದಬೇಕಂತೆ. ಹಾಲು, ಬೆಲ್ಲ, ಶೇಂಗಾ ತಿನ್ನಬೇಕಂತೆ. ಒಂದೆರಡು ವರ್ಷದಲ್ಲಿ ಬಹಳ ಮಂದಿಗೆ ಗುಣವಾಗಿದೆಯಂತೆ.

ಕಾಕಾ ಹಾಳೆಯನ್ನು ನೋಡಲಿಲ್ಲ. ನನ್ನನ್ನು ನೋಡಿದರು.

“ಹಾಳಿ ಒಂದನೇ ದರ್ಜೆ ಐತಿ,” ಎಂದರು. “ನೀ ಓದಿದ್ದು ತೇವ ಐತಿ. ಬರೋಬ್ಬರಿ ಓದು.”

ಓದಿದೆ. ಕೈ ಆದ ಮೇಲೆ ಕಾಲು. ಕಾಲು ಆದ ಮೇಲೆ ಮಾತು. ಆಮೇಲೆ ನುಂಗುವುದು. ಕೊನೆಗೆ ಉಸಿರು. ಬುದ್ಧಿ ಮಾತ್ರ ಕೊನೆಯತನಕ ತಿಳಿಯಾಗಿರುತ್ತದೆ. ನಿಲ್ಲಿಸುವ ಔಷಧ ಇಲ್ಲ. ಬಹಳ ಮಂದಿಗೆ ಕೆಲವೇ ವರ್ಷ.

ಮೆಹಬೂಬಸಾಬ ಕೈಯಲ್ಲಿ ಚಹಾ ಹಿಡಿದು ನಿಂತಿದ್ದವನು ಅದನ್ನು ಯಾರ ಮುಂದೆ ಇಡಬೇಕೆಂದು ತಿಳಿಯದೆ ತಾನೇ ಕುಡಿದುಬಿಟ್ಟ. ಕಾಕಾ ಪ್ರಿಂಟು ಇಸಿದುಕೊಂಡರು. ದಾರಿಯಲ್ಲಿ ಪೇಟೆಯ ಗೇಟಿನ ಹತ್ತಿರ ನನ್ನನ್ನು ಮುಂದೆ ಹೋಗೆಂದು ಹೇಳಿ, ಕಲ್ಲಿನ ಮೇಲೆ ಕೂತು ಚೀಟಿ ಬರೆದರು. ‘ಒಂದು’ ಎಂದೇ ಬರೆಯುತ್ತಿದ್ದಾರೆ ಎಂದುಕೊಂಡೆ. ಒಂದನೇ ದರ್ಜೆಯ ಚೀಟಿ ಓದಿ ಕಾಕು ನಕ್ಕಾಳು, ಹಿಗ್ಗಿಯಾಳು, ಆಮೇಲೆ ‘ಏನ ಬರದಾರ ಇದರಾಗ?’ ಎಂದು ಕೇಳಿಯಾಳು. ಕೇಳಿದರೆ? ಆ ಅರ್ಧ ಫರ್ಲಾಂಗು ನಡೆದಂತೆ ನಾನು ಇನ್ನೆಂದೂ ನಡೆದಿಲ್ಲ.

ಮನೆಯ ಹತ್ತಿರ ಕಾಕಾ ಬಂದು ನನ್ನನ್ನು ಕೂಡಿಕೊಂಡರು. ಕಟ್ಟೆಯ ಮೇಲಿಂದ ಕಾಕು ಎಂದಿನಂತೆ ಕೇಳಿದಳು, “ಇವತ್ತೇನಂತ್ರಿ?”

ಹಾಳೆ ಹಿಡಿಯಲು ಅವಳಿಗೆ ಆಗುತ್ತಿರಲಿಲ್ಲವಾದ್ದರಿಂದ ಕಾಕಾನೇ ಅದನ್ನು ಅವಳ ಮುಖದೆದುರು ಹಿಡಿದರು. ನಾನು ಅವಳ ಹೆಗಲ ಹಿಂದಿನಿಂದ ಓದಿದೆ. ದಪ್ಪ ಅಕ್ಷರದಲ್ಲಿ, ಪೆನ್ಸಿಲ್ ಒತ್ತಿ ಒತ್ತಿ ಬರೆದಿತ್ತು. ‘ಮೂರು. ಬೆರಕಿ. ನಂಬಬಾರದು.’

“ಇದೂ ಹಂಗನ?” ಎಂದಳು ಕಾಕು.

“ಹೂಂ. ಬರೇ ಅಂಜಸೂ ಮಂದಿ. ಇವರ ಹಾಳಿ ಓದಿದ್ರ ಗಟ್ಟಿಮುಟ್ಟ ಇದ್ದಾರೂ ಹಾಸಿಗಿ ಹಿಡೀತಾರ.”

“ಸುಡ್ಲಿ ಅತ್ಲಾಗ,” ಎಂದು ಕಾಕು ನಕ್ಕಳು. ಅವಳು ನಕ್ಕದ್ದು ನೋಡಿ ಕಾಕಾನೂ ನಕ್ಕರು. ನಾನು ಒಳಗೆ ಹೋಗಿ ಬಚ್ಚಲಲ್ಲಿ ಮುಖ ತೊಳೆದೆ. ಎರಡು ಸಲ ತೊಳೆದೆ.

ಮರುದಿನ ಸೈಬರಿಗೆ ಹೊರಡೋಣವೆಂದರೆ ಕಾಕಾ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ದುಃಖಕ್ಕೆ ಹೀಗಾಗಿದ್ದಾರೆ ಎಂದುಕೊಂಡೆ. ಆದರೆ ಹತ್ತಿಯ ಸುಗ್ಗಿ ಬಂದು, ಅಂಡಗಿಗಳು ಪೇಟೆ ತುಂಬಿ, ದಲಾಲಿ ಅಂಗಡಿಯ ಸಾವಕಾರರೇ ಮನೆಗೆ ಬಂದು ಕೈ ಹಿಡಿದು ಕರೆದರೂ ಏಳಲಿಲ್ಲ. “ಕೈ ಕೆಟ್ಟೈತ್ರಿ,” ಎಂದರು. ಸಾವಕಾರರು ಅವರ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿ, ಏನೂ ಕಾಣದೆ ಹೋದರು.

ನಾನು ಬಿಡಲಿಲ್ಲ. ಹಿತ್ತಲಿಗೆ ಕರೆದುಕೊಂಡು ಹೋಗಿ ಕೇಳಿದೆ. ಆಗ ಹೇಳಿದರು. ಪೇಟೆಯಲ್ಲಿ ಎಲ್ಲೂ ಬರೆದಿಡದ ಒಂದು ಕಟ್ಟುಪಾಡು ಇತ್ತಂತೆ. ಹತ್ತಿ ನೋಡುವವನು ತಪ್ಪಬಹುದು. ತಪ್ಪಿದರೆ ಬೈಸಿಕೊಂಡು ಮತ್ತೆ ಕೆಲಸಕ್ಕೆ ಕೂರಬಹುದು. ತಿಳಿದೂ ತಿಳಿದೂ ಸುಳ್ಳು ಚೀಟಿ ಹಚ್ಚಿದವನು ಮಾತ್ರ ಮತ್ತೆ ಹತ್ತಿಗೆ ಕೈ ಹಾಕುವಂತಿಲ್ಲ. ಹಿಡಿದುಕೊಡುವವರು ಯಾರೂ ಇರುವುದಿಲ್ಲ. ತಾನಾಗಿಯೇ ಏಳಬೇಕು.

“ಕಾಕಾ, ಅದು ಹತ್ತಿ ಅಲ್ಲ,” ಎಂದೆ. “ಒಂದು ಹಾಳೆ. ಇಂಟರ್ನೆಟ್ಟಿನ ಹಾಳೆ!”

“ಹತ್ತಿ ಯಾವುದು, ಹಾಳಿ ಯಾವುದು ಅಂತ ಚೀಟಿಗೆ ತಿಳೀತೈತೇನೋ?” ಎಂದರು. ಮೂವತ್ತು ವರ್ಷದಲ್ಲಿ ಬಾರುಕೋಲಿಗೆ ಅಂಜಿ ಬರೆದವರಲ್ಲ, ಬೀಗರಿಗೆ ಅಂಜಿ ಬರೆದವರಲ್ಲ. ಜಗತ್ತಿನ ವೆಬ್‌ಸೈಟುಗಳಲ್ಲಿ ಅವರಿಗೆ ಸಿಕ್ಕಿದ್ದು ಒಂದೇ ಒಂದು ಒಂದನೇ ದರ್ಜೆ. ಅದಕ್ಕೇ ಮೂರು ಎಂದು ಬರೆದು ಕಸುಬು ಬಿಟ್ಟು ಎದ್ದು ಬಂದಿದ್ದರು.

ಪೇಪರಿನವರು ವೆಬ್‌ಸೈಟಿಗೆ ಗುರುತು ಹಾಕಬೇಕೆನ್ನುತ್ತಾರೆ. ಹಾಕಲಿ, ಬೇಡವೆನ್ನುವುದಿಲ್ಲ. ಗುರುತು ಓದುವವರು ಕಟ್ಟೆಯ ಮೇಲೆ ಕೂತು ದಾರಿ ಕಾಯುತ್ತಿರುತ್ತಾರೆ ಎಂಬುದು ಅವರಿಗೆ ಗೊತ್ತೋ ಇಲ್ಲವೋ ಎಂಬುದೇ ನನ್ನ ಚಿಂತೆ.

ಕಾಕಾ ಮನೆಯಲ್ಲೇ ಉಳಿದರು. ಕಾಕುವಿನ ತಲೆ ಬಾಚುವುದು ಕಲಿತರು. ಬೈತಲೆ ಒಂದು ದಿನವೂ ನೆಟ್ಟಗೆ ಬರಲಿಲ್ಲ. ಗಿರಣಿಗೆ ತಾವೇ ಹೋಗಿ ಬೀಸಿಸಿಕೊಂಡು ಬರುವರು. ಅಂಥ ಒಂದು ಮಧ್ಯಾಹ್ನ ಅವರು ಗಿರಣಿಗೆ ಹೋದಾಗ ಕಾಕು ನನ್ನನ್ನು ಹತ್ತಿರ ಕರೆದಳು. ಮಾತು ಆಗಲೇ ತೊದಲುತ್ತಿತ್ತು.

“ಮಾಸ್ತರ, ಆ ಹಾಳಿ ಖರೇ ಇತ್ತಲ್ಲ?”

ನಾನು ಎಲ್ಲದಕ್ಕೂ ಮುಂಚಿತವಾಗಿ ಚಿಂತೆ ಮಾಡುವವನು. ಈ ಒಂದು ಪ್ರಶ್ನೆಗೆ ಚಿಂತೆ ಮಾಡಿಟ್ಟಿರಲಿಲ್ಲ. “ಯಾವ ಹಾಳಿ ಕಾಕು?” ಎಂದೆ.

“ಇರಲಿ ಬಿಡು. ನಿನಗ ಸುಳ್ಳ ಹೇಳಾಕ ಬರಂಗಿಲ್ಲ.” ಉಸಿರು ತೆಗೆದುಕೊಳ್ಳಲು ನಿಂತಳು. “ಜ್ವರ ಬಂದು ಮೈ ಸುಡಾಕಹತ್ತಿದ್ರೂ ಪ್ಯಾಟಿ ಬಿಟ್ಟವರಲ್ಲ ನಿಮ್ಮ ಕಾಕಾ. ಸುಗ್ಗ್ಯಾಗ ಮನ್ಯಾಗ ಕುಂತು ನನ್ನ ತಲಿ ಹಿಕ್ಕತಾರ. ಹತ್ತಿ ನೋಡಾಂವನ ಹೇಣತಿ ನಾನು. ಅಂವ ಯಾವಾಗ ಹತ್ತಿ ಬಿಡತಾನ ಅನ್ನೂದು ನನಗ ತಿಳಿಯಂಗಿಲ್ಲೇನು?”

ನಾನು ನೀರಿನ ಲೋಟ ಅವಳ ಬಾಯಿಗೆ ಹಿಡಿದೆ.

“ಅವರ ಮುಂದ ಅನಬ್ಯಾಡ ಮತ್ತ. ನಾ ನಂಬೀನಿ ಅಂತ ತಿಳಕೊಂಡಾರ. ಅಷ್ಟರ ಅವರಿಗೆ ಉಳೀಲಿ.”

ಹೊರಗೆ ಚಪ್ಪಲಿಯ ಸದ್ದಾಯಿತು. ಕಾಕಾ ಹಿಟ್ಟಿನ ಡಬ್ಬಿ ಹೊತ್ತು ಒಳಗೆ ಬಂದರು. ಮೀಸೆ, ಹುಬ್ಬುಗಳೆಲ್ಲ ಬೆಳ್ಳಗಾಗಿದ್ದವು. ಕಾಕು ದನಿ ಎತ್ತಿದಳು, ಅವಳಿಗೆ ಆಗುವಷ್ಟು.

“ಏನ್ರಿ, ಹಿತ್ತಲದಾಗ ಒಂದ ನಿಂಬಿ ಗಿಡಾ ಹಚ್ಚರೆಲ್ಲ. ಭಾಳ ದಿನದಿಂದ ಅನಕೊಂಡೇನಿ.”

“ನಿಂಬಿ?” ಕಾಕಾ ಬಾಗಿಲಲ್ಲೇ ನಿಂತರು. “ಅದು ಕಾಯಿ ಬಿಡಾಕ ನಾಕ ವರ್ಷ ಹಿಡೀತೈತೆಲ್ಲ.”

“ಹಿಡೀಲಿ ಬಿಡ್ರಿ. ನನಗೇನ ಅವಸರ ಐತಿ?”

ಕಾಕಾ ಡಬ್ಬಿ ಇಳಿಸಿದರು. ಈಗಲೇ ಕುಣಿ ತೋಡುತ್ತೇನೆಂದು, ಗೋಡೆಯ ಕಡೆ ಮುಖ ಮಾಡಿ ಬಹಳ ಹೊತ್ತು ಗುದ್ದಲಿ ಹುಡುಕಿದರು. ಆ ಗೋಡೆಯ ಹತ್ತಿರ ಗುದ್ದಲಿ ಇರಲಿಲ್ಲ.